ತುಮಕೂರು ವಿಶ್ವವಿದ್ಯಾಲಯದ ಕಾರ್ಯಕ್ರಮಗಳಿಗೆ ಹೊರಗಿನವರು ಹೋಗಬಹುದಾ?

ಕೆಲಸದ ಮೇಲೆ ತುಮಕೂರಿಗೆ ಬಂದಿದ್ದೀರಿ. ವಿಶ್ವವಿದ್ಯಾಲಯದ ಉಪನ್ಯಾಸ, ವಿಚಾರ ಸಂಕಿರಣಕ್ಕೆ ವಿದ್ಯಾರ್ಥಿ ಅಲ್ಲದವರು ಸುಮ್ನೆ ಹೋಗಿ ಕೂತರೆ ಯಾರಾದರೂ ಎಬ್ಬಿಸಿ ಕಳಿಸುತ್ತಾರಾ ಅಂತ ಕೇಳಿದ್ದೀರಿ.

ನನ್ನನ್ನಂತೂ ಇಲ್ಲಿಯವರೆಗೆ ಯಾರೂ ಎಬ್ಬಿಸಿಲ್ಲ. ನಾನು ಎಂಎ ಓದಿದವನಲ್ಲ, ಮೇಷ್ಟ್ರೂ ಅಲ್ಲ. ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. ಆಹ್ವಾನ ಪತ್ರಿಕೆ ಟೈಪ್ ಮಾಡಿ, ಪ್ರೂಫ್ ತಿದ್ದಿ, 'ಅಲ್ಲಿ ಏನು ಮಾತಾಡ್ತಾರೋ ನೋಡೇ ಬಿಡೋಣ' ಅಂತ ಒಂದು ದಿನ ಹೋದೆ. ಆಮೇಲೆ ಅದೇ ಚಟವಾಯಿತು.

ಹಾಗಾಗಿ ಆಹ್ವಾನ ಪತ್ರಿಕೆ ಓದುವುದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಮೇಲೆ ದಪ್ಪ ಅಕ್ಷರದಲ್ಲಿರುವ ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ ಇವೆಲ್ಲ ವೇದಿಕೆಯವರಿಗಾಗಿ. ಪ್ರೂಫ್‌ನಲ್ಲಿ ಹತ್ತು ಸಲ ಹಿಂದೆ ಮುಂದೆ ಆಗುವುದೂ ಆ ಹೆಸರುಗಳೇ. ನಿಮಗೆ ಬೇಕಾದ್ದು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಮೊದಲ ಗೋಷ್ಠಿ, ಎರಡನೇ ಗೋಷ್ಠಿ, ವಿಷಯ, ಮಾತಾಡುವವರು, ಸಂವಾದ. ಕೊನೆಯಲ್ಲಿ 'ಸರ್ವರಿಗೂ ಆದರದ ಸ್ವಾಗತ' ಅಂತಿದ್ದರೆ ಆ ಸರ್ವರಲ್ಲಿ ನೀವೂ ಇದ್ದೀರಿ. 'ನೋಂದಣಿ' ಅಂತ ಕಂಡರೆ ಹೆದರಬೇಡಿ. ಸಾಮಾನ್ಯವಾಗಿ ಅದು ಬ್ಯಾಗು, ಪೆನ್ನು, ಪ್ರಮಾಣಪತ್ರ, ಊಟದ ಕೂಪನ್ನಿಗೆ. ಕೂತು ಕೇಳುವವರನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಊಟಕ್ಕೆ ಮಾತ್ರ ಹೊರಗೆ ಹೋಗಿ, ಮರ್ಯಾದೆ ನಮ್ಮ ಕೈಲಿರಬೇಕು ಅಲ್ವಾ. ಘಟಿಕೋತ್ಸವದ ಕಥೆ ಬೇರೆ. ಕುಲಾಧಿಪತಿಗಳಾದ ರಾಜ್ಯಪಾಲರು ಬರುವ ದಿನ ಅದು, ಪಾಸ್ ಇಲ್ಲದೆ ಹೋಗಬೇಡಿ.

ಸ್ಥಳ ಸರಿಯಾಗಿ ನೋಡಿಕೊಳ್ಳಿ. ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ, ಬಿ.ಎಚ್. ರಸ್ತೆಯ ಹಳೇ ಸರ್ಕಾರಿ ಕಾಲೇಜುಗಳ ಜಾಗದಲ್ಲಿ. ಈಗ ಊರಾಚೆ ಬಿದರಕಟ್ಟೆಯಲ್ಲಿ ಹೊಸ ಕ್ಯಾಂಪಸ್ ಇದೆ. ನಾನೊಮ್ಮೆ ಅಲ್ಲಿಗೆ ಹೋಗುವ ಬದಲು ಹಳೇ ಕ್ಯಾಂಪಸ್ಸಿಗೆ ಬಂದು ಖಾಲಿ ಸಭಾಂಗಣ ನೋಡಿ ವಾಪಸ್ ಹೋಗಿದ್ದೇನೆ. ಸ್ಥಳದ ಸಾಲು ಟೈಪ್ ಮಾಡಿದವನೂ ನಾನೇ!

ಇನ್ನು ಹೊತ್ತು. ಹತ್ತೂವರೆ ಅಂತಿದ್ದರೆ ಹನ್ನೊಂದು. ಒಂದು ಕಾಲೇಜಿನಲ್ಲಿ ಅತಿಥಿಗಳಿಗಾಗಿ ಹನ್ನೆರಡರವರೆಗೂ ಕಾದಿದ್ದೇವೆ. ನಾಡಗೀತೆ ಎರಡೂವರೆ ನಿಮಿಷದಲ್ಲಿ ಮುಗಿಯಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತು. ಸನ್ಮಾನಕ್ಕೂ ಹಾಗೊಂದು ಆದೇಶ ಬಂದಿದ್ದರೆ ಚೆನ್ನಾಗಿತ್ತು. ಹಾಜರಾತಿಗೆಂದು ಬಂದ ಹುಡುಗರು ಊಟದ ಹೊತ್ತಿಗೆ ಜಾಗ ಖಾಲಿ ಮಾಡುತ್ತಾರೆ. ನಿಮಗೆ ರಜೆ ಸಿಗುವುದು ಅರ್ಧ ದಿನ ಮಾತ್ರ ಅಂದರೆ ಮಧ್ಯಾಹ್ನವೇ ಹೋಗಿ. ಮೂವತ್ತು ಜನ ಉಳಿದಿರುತ್ತಾರೆ, ಮಾತು ಶುರುವಾಗುವುದೇ ಆಗ.

ಹೊಸಬರಿಗೆ ನಾನು ಹೇಳುವುದು ದತ್ತಿ ಉಪನ್ಯಾಸ. ಯಾರೋ ಅಪ್ಪನ ಹೆಸರಲ್ಲೋ ಗುರುಗಳ ಹೆಸರಲ್ಲೋ ಒಂದು ಮೊತ್ತ ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಮಾತು. ಬಡ್ಡಿ ಎಷ್ಟು ಬರುತ್ತದೋ ಅಷ್ಟೇ ಖರ್ಚು, ಹಾಗಾಗಿ ಆಡಂಬರ ಕಡಿಮೆ. ಒಬ್ಬರೇ ಒಂದು ಗಂಟೆ ಮಾತಾಡುತ್ತಾರೆ. ಫೆಬ್ರವರಿ 28ರ ವಿಜ್ಞಾನ ದಿನ, ನವೆಂಬರಿನ ರಾಜ್ಯೋತ್ಸವ, ಡಿಸೆಂಬರ್ 29ರ ಕುವೆಂಪು ಜನ್ಮದಿನ, ಈ ದಿನಗಳ ಆಸುಪಾಸಿನಲ್ಲೂ ಪೇಪರಿನ ಸ್ಥಳೀಯ ಪುಟ ನೋಡುತ್ತಿರಿ. 'ಇಂದಿನ ಕಾರ್ಯಕ್ರಮ' ಅಂತ ನಾಲ್ಕು ಸಾಲು ಇರುತ್ತದೆ.

ಅಂಥದ್ದೇ ಒಂದು ಮಧ್ಯಾಹ್ನ ಹಳೇ ಕಾಲದ ಕಲ್ಲಿನ ಶಾಸನಗಳ ಬಗ್ಗೆ ಮಾತಿತ್ತು. ಬ್ರಿಟಿಷರ ಕಾಲದ ಅಧಿಕಾರಿ ಲೂಯಿಸ್ ರೈಸ್ ಊರೂರು ಶಾಸನ ಸೇರಿಸಿ ತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಪುಸ್ತಕಮಾಲೆಯ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದೇ ಅಂತ ನನಗೆ ಗೊತ್ತಾಗಿದ್ದು ಅವತ್ತು. ಸಂವಾದದಲ್ಲಿ ಹಿಂದಿನ ಸಾಲಿನ ರೈತರೊಬ್ಬರು ಎದ್ದು ನಿಂತರು. ಹೆಗಲ ಮೇಲೆ ಟವೆಲ್. "ಸಾರ್, ನಮ್ಮ ಹೊಲದ ಬದುವಲ್ಲೊಂದು ಕಲ್ಲೈತೆ, ಏನೋ ಬರ್ದವ್ರೆ," ಅಂತ ಫೋನ್ ತೋರಿಸಿದರು. ನಡು ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೊ, ಮೇಲೆ ಅರಿಶಿನ ಕುಂಕುಮ. ಒಂದಕ್ಷರ ಕಾಣುತ್ತಿರಲಿಲ್ಲ. ಉಪನ್ಯಾಸಕರು ಕೆಳಗಿಳಿದು ಬಂದು ಅವರ ಪಕ್ಕದಲ್ಲೇ ಕೂತರು. ಹೊತ್ತು ಮುಳುಗುವಾಗ ತೆಗೀರಿ, ಓರೆ ಬಿಸಿಲಿಗೆ ಅಕ್ಷರದ ಗೆರೆಯಲ್ಲಿ ನೆರಳು ಬೀಳುತ್ತೆ ಅಂದರು. ಕಲ್ಲನ್ನು ಮಾತ್ರ ಕೆರೆಯಬೇಡಿ ಅಂತ ಎರಡು ಸಲ ಹೇಳಿದರು.

ವಾರದ ಮೇಲೆ ಅದೇ ರೈತರು ನಮ್ಮ ಅಂಗಡಿಗೆ ಬಂದರು, ಪ್ರಿಂಟ್ ಹಾಕಿಸಲು. ಸಂಜೆ ತೆಗೆದ ಫೋಟೊ. ಮೊದಲ ಸಾಲಿನಲ್ಲಿ 'ಸ್ವಸ್ತಿ' ಅಂತ ನನಗೇ ಓದಲು ಬಂತು. ಅವರು ಎರಡು ಕಾಪಿ ಕೇಳಿದರು, ನಾನು ಮೂರು ತೆಗೆದೆ. ಒಂದು ಇನ್ನೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ.