ಸಿಡಿ4 ವಾಪಸ್ ಏರಿದೆ, ಟಿ ಸೆಲ್‌ಗಳೇ ಹೋರಾಡ್ತಿವೆ ಅಂದ್ರೆ ಎಚ್‌ಐವಿ ಮಾತ್ರೆ ಸ್ವಲ್ಪ ತಡವಾಗಿ ಶುರು ಮಾಡಬಹುದಾ?

ಬೇಡ, ಈ ವಾರನೇ ಶುರು ಮಾಡಿ. ಸೋಂಕು ತಗುಲಿ ಎರಡು ತಿಂಗಳಾಯ್ತು, ಜ್ವರ ಬಿಟ್ಟಿದೆ, ಬಿದ್ದಿದ್ದ ಸಿಡಿ4 (ಎಚ್‌ಐವಿ ಗುರಿಯಿಡೋ, ಸೋಂಕಿನ ವಿರುದ್ಧ ಹೋರಾಟಕ್ಕೆ ನೆರವಾಗೋ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳ ಲೆಕ್ಕ) ಮತ್ತೆ 600 ದಾಟಿದೆ ಅಂತ ಬರೆದಿದ್ದೀರಲ್ಲ, ಅದನ್ನ ಓದಿ ನನಗೆ ಕೈಕಾಲು ಆಡಲಿಲ್ಲ, ಯಾಕಂದ್ರೆ 2017ರಲ್ಲಿ ನಾನು ನಿಂತಿದ್ದ ಜಾಗ ಅದೇ.

ನಂಗೂ ಜ್ವರ, ಗಂಟಲು ನೋವು, ಎದೆ ಮೇಲೆ ಕೆಂಪು ಗುಳ್ಳೆ, ಕುತ್ತಿಗೇಲಿ ಗಂಟು. ತುಮಕೂರಲ್ಲಿ ಡೆಂಗಿ ಇರಬೇಕು ಅಂದ್ರು, ಅದು ನೆಗೆಟಿವ್. ಬೆಂಗಳೂರಿನ ಡಾಕ್ಟರೊಬ್ಬರು ನೇರವಾಗಿ ಕೇಳಬೇಕಾದ್ದನ್ನ ಕೇಳಿ, ಎಚ್‌ಐವಿ ವೈರಸ್ಸಿನ ಪಿ24 ಪ್ರೋಟೀನನ್ನೂ ಹಿಡಿಯೋ ಟೆಸ್ಟ್ ಬರೆದುಕೊಟ್ರು. ಪಾಸಿಟಿವ್. ಸಿಡಿ4 ಆಗ 430. ಎಆರ್‌ಟಿ ಸೆಂಟರ್, ಅಂದ್ರೆ ಎಚ್‌ಐವಿ ಮದ್ದು ಕೊಡೋ ಕೇಂದ್ರದ ಕೌನ್ಸೆಲರ್ ಮೇಡಂ, "ಮುಂಚೆ ಸಿಡಿ4 ಇಷ್ಟಕ್ಕಿಂತ ಕಮ್ಮಿ ಆಗ್ಲಿ ಅಂತ ಕಾಯ್ತಿದ್ವಿ, ಈ ಏಪ್ರಿಲ್‌ನಿಂದ ಹಂಗಿಲ್ಲ, ಎಷ್ಟೇ ಇದ್ರೂ ಎಲ್ಲರಿಗೂ ಮಾತ್ರೆ, ನೀವು ನಾಳೆನೇ ಬನ್ನಿ" ಅಂದ್ರು. ನಾನು ಹೋಗ್ಲಿಲ್ಲ. ಆಗ ಕೊಡ್ತಿದ್ದ ಮಾತ್ರೇಲಿ ಎಫಾವಿರೆಂಜ್ ಇರ್ತಿತ್ತು, ತಲೆ ಸುತ್ತುತ್ತೆ, ಕೆಟ್ಟ ಕನಸು ಬೀಳುತ್ತೆ ಅಂತ ಕೇಳಿ ಹೆದರಿದ್ದೆ. ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ 710 ಬಂತು, ಅಲ್ಲಿಗೆ ಮುಗೀತು, ನನ್ನ ಮೈ ಗೆಲ್ತಿದೆ ಅಂತ ನಿರ್ಧಾರ ಮಾಡ್ಬಿಟ್ಟೆ.

ಮಾತ್ರೆ ಬೇಡ ಅಂದಿದ್ದು ತಪ್ಪು ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದರ ಬೇರು ಆ ಎರಡು ನಂಬರಲ್ಲಿದೆ. 430, ಆಮೇಲೆ 710. ಈ ಎರಡಕ್ಕೂ ಒಂದು ಗೆರೆ ಎಳೆದು, ಗೆರೆ ಮೇಲಕ್ಕೇ ಹೋಗ್ತಿರುತ್ತೆ ಅಂತ ನಂಬಿದೆ. ಈ ಏರಿಕೆ ಸುಳ್ಳಲ್ಲ, ಮದ್ದೇ ಇಲ್ದೆ ಬಹಳ ಜನರಲ್ಲಿ ಹೀಗೇ ಏರುತ್ತೆ. ಸೋಂಕು ತಗುಲಿದ ಮೂರು ನಾಲ್ಕು ವಾರಕ್ಕೆ ಒಂದು ಮಿಲೀ ರಕ್ತದಲ್ಲಿ ವೈರಸ್ ಹತ್ತಾರು ಲಕ್ಷಕ್ಕೆ ಹೋಗಬಹುದು. ಅಷ್ಟೊತ್ತಿಗೆ ಸಿಡಿ8 ಅನ್ನೋ ಟಿ ಸೆಲ್‌ಗಳು, ಅಂದ್ರೆ ಸೋಂಕಾದ ಸೆಲ್‌ಗಳನ್ನ ಹುಡುಕಿ ಕೊಲ್ಲೋವು, ದಂಡುಗಟ್ಟಿ ಎದ್ದು ಬರ್ತವೆ, ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಧಡಾರನೆ ಇಳಿಯುತ್ತೆ, ಜ್ವರ ಬಿಡುತ್ತೆ, ರಕ್ತದಲ್ಲಿ ಸಿಡಿ4 ಸ್ವಲ್ಪ ಚೇತರಿಸ್ಕೊಳ್ಳುತ್ತೆ. ನೀವು ನೋಡ್ತಿರೋದು ಇದನ್ನೇ. ಆದ್ರೆ ಲೋಡ್ ಸೊನ್ನೆಗೆ ಬರಲ್ಲ, ಯಾವುದೋ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ, ಅಲ್ಲಿಂದ ಸಿಡಿ4 ವರ್ಷವರ್ಷ ಸವೀತಾ ಹೋಗುತ್ತೆ. ಸಿಡಿ8 ಸೆಲ್ ವೈರಸ್ಸಿನ ಯಾವ ತುಣುಕನ್ನ ನೋಡಿ ಗುರುತು ಹಿಡಿಯುತ್ತೋ ಆ ತುಣುಕನ್ನೇ ವೈರಸ್ ಕೆಲವೇ ವಾರಗಳಲ್ಲಿ ಬದಲಾಯಿಸ್ಕೊಳ್ಳುತ್ತೆ. ಸಿಡಿ8ಗೆ ನೆರವಾಗಬೇಕಾದ ಸಿಡಿ4 ಸೆಲ್‌ಗಳ ಕತೆ ಇನ್ನೂ ಕೆಟ್ಟದು, ಎಚ್‌ಐವಿಯನ್ನೇ ಗುರುತು ಹಿಡಿಯೋ ಸಿಡಿ4 ಸೆಲ್‌ಗಳು ಬೇರೆಯವಕ್ಕಿಂತ ಜಾಸ್ತಿ ಎಚ್‌ಐವಿಗೆ ಬಲಿಯಾಗ್ತವೆ. ಹೋರಾಡೋಕೆ ಮುಂದೆ ಬಂದವೇ ಮೊದಲು ಹೋಗ್ತವೆ.

ಇನ್ನೊಂದು ವಿಷಯ ಗೊತ್ತಾದಾಗ ನಾನು ಆ 710ರ ರಿಪೋರ್ಟ್ ಹರಿದು ಹಾಕಿದ್ದೆ. ರಕ್ತದಲ್ಲಿ ಓಡಾಡೋದು ಮೈಯಲ್ಲಿರೋ ಲಿಂಫೋಸೈಟ್‌ಗಳಲ್ಲಿ (ಟಿ ಸೆಲ್‌ಗಳೂ ಸೇರೋ ಬಿಳಿ ರಕ್ತಕಣಗಳ ಗುಂಪು) ನೂರಕ್ಕೆ ಸುಮಾರು ಎರಡು ಮಾತ್ರ. ದೊಡ್ಡ ಪಾಲು ಕರುಳಿನ ಗೋಡೇಲಿ, ಲಿಂಫ್ ಗಂಟುಗಳಲ್ಲಿ ಇರುತ್ತೆ, ಮೊದಲ ವಾರಗಳಲ್ಲೇ ವೈರಸ್ ಕರುಳಿನ ಸಿಡಿ4 ಸೆಲ್‌ಗಳನ್ನ ಗುಡಿಸಿ ಹಾಕಿರುತ್ತೆ. ನಾನು 710 ನೋಡಿ ಖುಷಿ ಪಟ್ಟಿದ್ದು, ಕೆರೆ ಏರಿ ಒಡೆದಿರೋವಾಗ ತೂಬಿನ ನೀರು ಅಳೆದಂಗೆ.

ದಕ್ಷಿಣ ಆಫ್ರಿಕಾದ ಡರ್ಬನ್ ಪಕ್ಕ ಉಮ್ಲಾಝಿ ಅಂತ ಊರಿದೆ. ಅಲ್ಲಿ ಫ್ರೆಶ್ ಅನ್ನೋ ಅಧ್ಯಯನದಲ್ಲಿ 18ರಿಂದ 23 ವರ್ಷದ ಹೆಣ್ಮಕ್ಕಳಿಗೆ ವಾರಕ್ಕೆ ಎರಡು ಸಲ ಪರೀಕ್ಷೆ ಮಾಡಿ, ಸೋಂಕು ತಗುಲಿದ ಕೆಲವೇ ದಿನಕ್ಕೆ ಹಿಡಿದ್ರು. ಮದ್ದಿಲ್ದೆ ಇದ್ದವರಲ್ಲಿ ಸಿಡಿ8 ಸೆಲ್‌ಗಳು ಭಾರಿ ಸಂಖ್ಯೇಲಿ ಹುಟ್ಟಿದ್ವು, ಆದ್ರೆ ಹೆಚ್ಚಿನವು ಬೇಗ ಸಾಯೋ ಥರದವು, ಬಹಳ ಕಾಲ ನೆನಪಿಟ್ಕೊಂಡು ಕಾಯೋ ಸೆಲ್ಲಾಗಿ ಉಳಿಯೋಕೆ ಬೇಕಾದ ಗುರುತೇ ಅವುಗಳ ಮೇಲಿರಲಿಲ್ಲ. ತಕ್ಷಣ ಮಾತ್ರೆ ಶುರು ಮಾಡಿದವರಲ್ಲಿ ಸೆಲ್‌ಗಳ ಸಂಖ್ಯೆ ಕಮ್ಮಿ, ಕೆಲಸ ಚೆನ್ನಾಗಿ ಮಾಡ್ತಿದ್ವು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನಂಗನಿಸುತ್ತೆ. ಮಾತ್ರೆ ಬಂದ್ರೆ ಟಿ ಸೆಲ್ ಸೋಮಾರಿ ಆಗ್ತವೇನೋ ಅನ್ನೋ ಥರ ಕೇಳಿದ್ದೀರಿ, ಆದ್ರೆ ಅವುಗಳನ್ನ ಉಳಿಸೋದೇ ಮಾತ್ರೆ. 'ಟಿ ಸೆಲ್ಲಾ, ಮಾತ್ರೇನಾ' ಅನ್ನೋ ಆಯ್ಕೆನೇ ಇಲ್ಲ ಇಲ್ಲಿ.

ಹಂಗಂತ ಬೇಗ ಶುರು ಮಾಡಿ ಆಮೇಲೆ ಬಿಡಬಹುದು ಅಂದ್ಕೋಬೇಡಿ. ಬ್ಯಾಂಕಾಕ್‌ನಲ್ಲಿ ಅತಿ ಮೊದಲ ಹಂತದಲ್ಲೇ ಮದ್ದು ಶುರು ಮಾಡಿದ್ದ 8 ಜನ, ಡಾಕ್ಟರ ಕಣ್ಣೆದುರಲ್ಲೇ ನಿಲ್ಲಿಸಿ ನೋಡಿದ್ರು, 2018ರಲ್ಲಿ ಫಲಿತಾಂಶ ಬಂತು, ಎಂಟೂ ಜನರಲ್ಲಿ ವೈರಸ್ ವಾಪಸ್. ಅದು ಸೆಲ್ ಒಳಗೆ ಮೊದಲ ದಿನಗಳಲ್ಲೇ ಅಡಗಿ ಕೂತಿರುತ್ತೆ.

ನನಗೇನಾಯ್ತು ಅಂದ್ರೆ, 2020ರ ಲಾಕ್‌ಡೌನಲ್ಲಿ ಕೆಮ್ಮು ಬಂತು, ಎಲ್ರೂ ಕೊರೊನಾ ಅಂದ್ರು, ಟಿಬಿ ಅದು. ಸಿಡಿ4 190. ಅಮ್ಮ ಬಾಗಿಲಾಚೆ ತಟ್ಟೆ ಇಟ್ಟು ಅಲ್ಲೇ ನಿಂತು ಅಳ್ತಿದ್ರು, ನನಗೆ ಎಚ್‌ಐವಿ ಇದೆ ಅಂತ ಅವರಿಗೆ ನಾನು ಇನ್ನೂ ಹೇಳಿರಲಿಲ್ಲ. ಟಿಬಿ ವಾಸಿಯಾಯ್ತು, ಎಚ್‌ಐವಿ ಮಾತ್ರೆನೂ ಶುರು ಮಾಡಿದೆ, ಈಗ ವೈರಸ್ ಟೆಸ್ಟಿಗೆ ಸಿಗದಷ್ಟು ಕಮ್ಮಿ ಇದೆ, ಆದ್ರೆ ಸಿಡಿ4 400ರ ಆಸುಪಾಸಲ್ಲೇ ನಿಂತಿದೆ, 710ಕ್ಕೆ ಮತ್ತೆ ಹೋಗಿಲ್ಲ. ನೀವು 600ರಲ್ಲಿದ್ದೀರಿ. 2015ರ ಸ್ಟಾರ್ಟ್ ಅಧ್ಯಯನದಲ್ಲಿ 35 ದೇಶದ 4,685 ಜನರಿದ್ರು, ಎಲ್ರಿಗೂ ಸಿಡಿ4 500ಕ್ಕಿಂತ ಮೇಲೆ, ಕೂಡ್ಲೇ ಶುರು ಮಾಡಿದವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವು 57% ಕಮ್ಮಿ ಆಯ್ತು. ಆರಾಮಾಗಿದ್ದೀನಿ ಅನ್ಕೊಂಡಿದ್ದ ನಮ್ಮಂಥವರ ಮೇಲೆನೇ ಮಾಡಿದ್ದು ಅದು.

ಅಮೃತಬಳ್ಳಿ ಕಷಾಯದ ವಿಷಯ ಕೇಳಿದ್ರಿ. ನಾನು ತಿಂಗಳುಗಟ್ಟಲೆ ಕುಡಿದಿದ್ದೀನಿ, ದಯವಿಟ್ಟು ಅದರ ಮೇಲೆ ಭರವಸೆ ಇಡಬೇಡಿ. ಈ ಹಂತದಲ್ಲಿ ನಿಮ್ಮ ಇಮ್ಯೂನಿಟಿಗೆ ಶಕ್ತಿ ಕಮ್ಮಿ ಆಗಿರಲ್ಲ, ಅದು ಅಗತ್ಯಕ್ಕಿಂತ ಜಾಸ್ತಿನೇ ಕೆರಳಿರುತ್ತೆ, ಕೆರಳಿದ ಸಿಡಿ4 ಸೆಲ್ಲೊಳಗೆ ವೈರಸ್ ಇನ್ನೂ ಸುಲಭವಾಗಿ ಬೆಳೆಯುತ್ತೆ.

ಈಗ ಸರ್ಕಾರಿ ಎಆರ್‌ಟಿ ಸೆಂಟರಲ್ಲಿ ಸಾಮಾನ್ಯವಾಗಿ ಡೊಲುಟೆಗ್ರವಿರ್ ಇರೋ ಮಾತ್ರೆ ಕೊಡ್ತಾರೆ, ದಿನಕ್ಕೊಂದು, ಉಚಿತ, ನಾನು ಹೆದರಿದ್ದ ಆ ತಲೆಸುತ್ತು ನನಗಂತೂ ಆಗಿಲ್ಲ. ಕೆಮ್ಮು, ರಾತ್ರಿ ಬೆವರು, ತೂಕ ಇಳಿದಿರೋದು ಏನಿದ್ರೂ ಮೊದಲನೇ ದಿನನೇ ಹೇಳಿ, ಟಿಬಿ ಇದ್ರೆ ಮದ್ದಿನ ಲೆಕ್ಕ ಬದಲಾಗುತ್ತೆ. ಸೋಂಕಿನ ಈ ಮೊದಲ ತಿಂಗಳುಗಳಲ್ಲಿ ಬೇರೆಯವರಿಗೆ ದಾಟೋ ಸಾಧ್ಯತೆ ಬಹಳ ಜಾಸ್ತಿ, ಹಾಗಾಗಿ ಕಾಂಡೋಮ್ ಬಿಡಬೇಡಿ, ಸಂಗಾತಿಗೂ ಪರೀಕ್ಷೆ ಮಾಡಿಸಿ. ಹತ್ತಿರದ ಸೆಂಟರ್ ಎಲ್ಲಿದೆ ಗೊತ್ತಿಲ್ಲ ಅಂದ್ರೆ 1097ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.