ಅಜೈಲ್: ಯಾರಿಂದ ಏನು ಕಲಿಯಬೇಕು?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ದಿನಾ ಸ್ಟ್ಯಾಂಡ್‌ಅಪ್ (ಚುಟುಕು ಸಭೆ), ಎರಡು ವಾರದ ಸ್ಪ್ರಿಂಟ್ (ಕೆಲಸದ ಸುತ್ತು) ಎಲ್ಲ ಇವೆ. ಆದರೂ ಹಳೆಯ ಬಗ್‌ಗಳೇ ಮರಳಿ ಬರುತ್ತವೆ. ಏನು ಕಲಿಯಬೇಕು?

ಉತ್ತರ: 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿ ಅಜೈಲ್ (ಸಾಫ್ಟ್‌ವೇರನ್ನು ಸಣ್ಣ ಹಂತಗಳಲ್ಲಿ, ಬದಲಾವಣೆಗೆ ಹೊಂದಿಕೊಳ್ಳುತ್ತ ಕಟ್ಟುವ ರೀತಿ) ಪ್ರಣಾಳಿಕೆ ರೂಪಿಸಿದ 17 ಮಂದಿಯ ಪರಿಣತಿ ಒಂದೇ ಬಗೆಯದಲ್ಲ. ನೀವು ಹಿಡಿದಿರುವುದು ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಅವರ ಸ್ಕ್ರಮ್, ಅಂದರೆ ತಂಡದ ಕೆಲಸವನ್ನು ಯೋಜಿಸಿ ನಡೆಸುವ ಚೌಕಟ್ಟು. ಅದು ಕೋಡ್ ಬರೆಯುವ ಬಗೆಯನ್ನು ಹೇಳುವುದೇ ಇಲ್ಲ. ನಿಮಗೀಗ ಬೇಕಾದವರು ಅದೇ 17 ಮಂದಿಯಲ್ಲೊಬ್ಬರಾದ, ಮೊದಲು ಟೆಸ್ಟ್ ಬರೆದು ಆಮೇಲೆ ಕೋಡ್ ಬರೆಯುವ ಪದ್ಧತಿಯ ಕೆಂಟ್ ಬೆಕ್. ಬಗ್ ಸಿಕ್ಕ ಕೂಡಲೇ ಅದನ್ನು ಹಿಡಿಯುವ ಟೆಸ್ಟ್ (ಕೋಡನ್ನು ಪರೀಕ್ಷಿಸುವ ಪುಟ್ಟ ಕೋಡ್) ಬರೆಯಿರಿ. ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ (ಹೆಚ್ಚಿನವರು ಹಾರಿಸುವ ಹೆಜ್ಜೆ ಇದೇ). ಪಾಸಾಗುವಷ್ಟೇ ಕೋಡ್ ಸೇರಿಸಿ. ಆಮೇಲೆ ಮಾರ್ಟಿನ್ ಫೌಲರ್ ಅವರ ರಿಫ್ಯಾಕ್ಟರಿಂಗ್: ವರ್ತನೆ ಬದಲಿಸದೆ ಒಳರಚನೆ ತಿದ್ದುವುದು, ಪ್ರತಿ ಸಣ್ಣ ಬದಲಾವಣೆಗೂ ಟೆಸ್ಟ್ ಓಡಿಸುತ್ತ. ಅದೇ ಕಮಿಟ್‌ಗೆ (ಒಟ್ಟಿಗೆ ಉಳಿಸುವ ಬದಲಾವಣೆಗಳ ಕಂತೆ) ಹೊಸ ಫೀಚರನ್ನೂ ತುರುಕಿದರೆ ತಪ್ಪು ಎಲ್ಲಿಂದ ಬಂತೆಂದು ತಿಳಿಯದು.