ಟಿಇಎಫ್ ಚಿನ್ನದ ದರ್ಜೆ ನೋಡಿ ವಿಭಾಗ ಆರಿಸಬಹುದೇ?

ಶಿಕ್ಷಣ ನೀತಿಯಲ್ಲಿ ಎಂಎ ಮಾಡಲು ಇಂಗ್ಲೆಂಡಿನ ವಿಭಾಗವನ್ನು ಆರಿಸುವಾಗ, ಟಿಇಎಫ್ (ವಿಶ್ವವಿದ್ಯಾಲಯಗಳ ಬೋಧನೆಯ ಗುಣಮಟ್ಟವನ್ನು ಅಳೆಯುವ ಇಂಗ್ಲೆಂಡಿನ ಮೌಲ್ಯಮಾಪನ) ಕೊಡುವ ಚಿನ್ನದ ದರ್ಜೆಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಿಮಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. 2023ರ ಟಿಇಎಫ್ ಅಳೆದದ್ದು ಪದವಿ ಹಂತವನ್ನು, ಅದೂ ಇಡೀ ವಿಶ್ವವಿದ್ಯಾಲಯಕ್ಕೆ ಒಟ್ಟಾಗಿ. ಸ್ನಾತಕೋತ್ತರ ಬೋಧನೆ ಅದರ ಲೆಕ್ಕದಲ್ಲೇ ಇಲ್ಲ. ಚಿನ್ನದ ದರ್ಜೆ ಮೆರೆಸುವ ಜಾಹೀರಾತು ಫಲಕಗಳು ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ ಬಿಡಿ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ತೂಗುವ ಮೌಲ್ಯಮಾಪನವಾದ ಆರ್‌ಇಎಫ್ 2021ರಲ್ಲಾದರೆ ಶಿಕ್ಷಣಶಾಸ್ತ್ರಕ್ಕೆ ಪ್ರತ್ಯೇಕ ಫಲಿತಾಂಶವಿದೆ: ಒಟ್ಟು ಅಂಕದಲ್ಲಿ ಪ್ರಕಟಣೆಗಳಿಗೆ ಶೇ. 60 ತೂಕ, ಸಮಾಜದ ಮೇಲಿನ ಪರಿಣಾಮಕ್ಕೆ ಶೇ. 25, ಸಂಶೋಧನಾ ವಾತಾವರಣಕ್ಕೆ ಶೇ. 15. ವಿಭಾಗಗಳು ಸಲ್ಲಿಸಿದ ಪರಿಣಾಮದ ವರದಿಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವನ್ನು ಓದಿ. ಅವನ್ನು ಬರೆದ ಪ್ರಾಧ್ಯಾಪಕರು ಎಂಎ ತರಗತಿಗೆ ನಿಜವಾಗಿಯೂ ಪಾಠ ಮಾಡುತ್ತಾರೆಯೇ, ಪ್ರಬಂಧಕ್ಕೆ ಮಾರ್ಗದರ್ಶಕರು ಯಾರು ಎಂದು ವಿಭಾಗಕ್ಕೇ ಬರೆದು ಕೇಳಿ.